ಪುಲ್ಲಿ ಬಿಚ್ಚಿಸಿದ ಲೇಥಿನವರು

ಅವರ ಬಲಗೈಯ ತೋರುಬೆರಳಿನ ಉಗುರೊಂದೇ ಉದ್ದವಾಗಿರುತ್ತಿತ್ತು. ಉಳಿದ ಒಂಬತ್ತೂ ಮೊಟಕು, ಸಂದಿಯಲ್ಲಿ ಕಪ್ಪು ಗ್ರೀಸು. ಆ ಒಂದನ್ನು ಮಾತ್ರ ದಿನವೂ ತೊಳೆದು ಬೆಳ್ಳಗೆ ಇಟ್ಟುಕೊಳ್ಳುತ್ತಿದ್ದರು. ಲೇಥ್ ಯಂತ್ರದಲ್ಲಿ ಕಡೆದ ಲೋಹದ ಮೇಲೆ ಅದನ್ನು ಮೆಲ್ಲಗೆ ಎಳೆದು, ಕಣ್ಣು ಮುಚ್ಚಿ, "ಇಲ್ಲೊಂದು ಕೂದ್ಲಷ್ಟು ಏರೈತೆ" ಎನ್ನುವರು. ಅಳೆದು ನೋಡಿದರೆ ಏರು ಇರುತ್ತಿತ್ತು.

ಅರಸೀಕೆರೆಯ ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆಯಲ್ಲಿ ಅವರ ಅಂಗಡಿ. ಎಣ್ಣೆ ಗಿರಣಿಗೆ, ಹಿಟ್ಟಿನ ಗಿರಣಿಗೆ, ಕಾಯಿ ಸುಲಿಯುವ ಯಂತ್ರಕ್ಕೆ ಬೇಕಾದ ಪುಲ್ಲಿಗಳನ್ನು, ಅಂದರೆ ಬೆಲ್ಟು ಸುತ್ತುವ ಗಾಲಿಗಳನ್ನು, ಕಡೆದುಕೊಡುವುದು ಕೆಲಸ. ಊರು ಅವರನ್ನು ಲೇಥಿನವರು ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆದೆ.

ನಾನು ಹಳೇಬೀಡಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ವ್ಯಾಯಾಮ ಶಿಕ್ಷಕನಾಗಿದ್ದವನು. ಐದಕ್ಕೆ ಏಳುವುದು, ಐದೂಕಾಲಿಗೆ ನಡಿಗೆ, ಆರೂವರೆಗೆ ಸ್ನಾನ. ನಿವೃತ್ತಿಯಾದ ಮೇಲೂ ಇದು ಬದಲಾಗಿಲ್ಲ. ಯಾವ ಪ್ರಶ್ನೆಗಾದರೂ ಹೌದು ಅಥವಾ ಇಲ್ಲ, ಎರಡರಲ್ಲೊಂದು ಉತ್ತರ ನನಗೆ ಬೇಕು. ಶಾಲೆಯ ಬಾರ್, ಹರ್ಡಲ್ ಕಟ್ಟುಗಳು ಮುರಿದಾಗ ಅವರಲ್ಲಿಗೆ ಒಯ್ಯುತ್ತಿದ್ದೆ.

"ಯಾವತ್ತು ಕೊಡ್ತೀರಿ?" ಎಂದರೆ, "ಆದಾಗ ಕೊಡ್ತೀನಿ ಮೇಷ್ಟ್ರೇ. ಅದುಕ್ಕೂ ಟೈಮ್‌ಟೇಬಲ್ ಐತಾ?" ಎಂದು ನಗುವರು. ಅಂಥವರ ಜೊತೆ ನನ್ನ ಸ್ನೇಹ ಇಷ್ಟು ವರ್ಷ ಹೇಗೆ ಉಳಿಯಿತು ಎನ್ನುವುದು ನನಗೇ ಬಿಡಿಸಲಾಗದ ವಿಷಯ.

ನನ್ನ ಮಗಳು ಬೇಲೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ರಜೆಯಲ್ಲಿ ಕಾರು ಓಡಿಸುತ್ತಾಳೆ, ಪಂದ್ಯಕ್ಕೆ. ಮಣ್ಣಿನ ಟ್ರ್ಯಾಕಿನಲ್ಲಿ ಒಂದೊಂದೇ ಕಾರು ಗಡಿಯಾರದ ವಿರುದ್ಧ ಓಡುವ ಪಂದ್ಯ. ಹಳೆಯ ಸಣ್ಣ ಕಾರೊಂದನ್ನು ಕೊಂಡು, ನಾಲ್ಕು ವರ್ಷ ಕೂತು ಎಂಜಿನ್ನಿಗೆ ಕಸುವು ತುಂಬಿದ್ದಳು. ಒಂದು ವರ್ಷ ಸ್ವಲ್ಪದರಲ್ಲಿ ಗೆಲುವು ತಪ್ಪಿ ಎರಡನೆಯವಳಾದಳು. ಮರುವರ್ಷ ಮಹಿಳೆಯರ ವಿಭಾಗದಲ್ಲಿ ಗೆದ್ದವರಿಗೆ ದೊಡ್ಡ ತಂಡವೊಂದರ ಕಾರಿನಲ್ಲಿ ಜಾಗ ಎಂದು ಪ್ರಕಟವಾಯಿತು. ಅವಳಿಗೆ ಮೂವತ್ತನಾಲ್ಕಾಗಿತ್ತು. "ಇದೇ ಕೊನೇ ಸಲ ಅಪ್ಪಾ. ಆದ್ರೆ ಈ ಸಲ, ಇಲ್ಲಾಂದ್ರೆ ಇಲ್ಲ" ಎಂದಳು.

ಆಗಲೇ ಕಾರಿಗೆ ಚಿಕ್ಕ ಪುಲ್ಲಿ ಹಾಕುವ ಮಾತು ಬಂದದ್ದು. ಎಂಜಿನ್ ಚಕ್ರಗಳನ್ನಷ್ಟೇ ತಿರುಗಿಸುವುದಿಲ್ಲ, ಬೆಲ್ಟಿನ ಮೂಲಕ ಬ್ಯಾಟರಿ ತುಂಬುವ ಡೈನಮೋವನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಎಂಜಿನ್ನಿನ ಕ್ರ್ಯಾಂಕ್ ದಂಡದ ತುದಿಯಲ್ಲಿರುವ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಇವೆಲ್ಲ ನಿಧಾನವಾಗುತ್ತವೆ, ಉಳಿದ ಶಕ್ತಿ ಚಕ್ರಕ್ಕೆ ಹೋಗುತ್ತದೆ. ಮೊಬೈಲಿನ ವಿಡಿಯೋದಲ್ಲಿ ಒಬ್ಬ ಇದರಿಂದ ಕಾರು ಹಾರುತ್ತದೆ ಎಂದ. ಇನ್ನೊಬ್ಬ ಕವಡೆ ಕಾಸಿನ ಪ್ರಯೋಜನವಿಲ್ಲ ಎಂದ. ಇಬ್ಬರ ಕೈಯಲ್ಲೂ ಒಂದೇ ಬಗೆಯ ಪುಲ್ಲಿ. ನಾನು ಎರಡನ್ನೂ ಎರಡೆರಡು ಸಲ ನೋಡಿ, ಮೊದಲಿಗಿಂತ ಹೆಚ್ಚು ಗೊಂದಲಕ್ಕೆ ಬಿದ್ದೆ.

"ಲೇಥಿನವರನ್ನ ಕೇಳೋಣ" ಎಂದೆ.

ಅವರು ಕಾರಿನ ಪುಲ್ಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅದರ ನಡುಭಾಗಕ್ಕೂ ಹೊರಬಳೆಗೂ ನಡುವೆ ಕಪ್ಪು ರಬ್ಬರಿನದೊಂದು ಪಟ್ಟಿ ಇತ್ತು. "ಇದ್ಯಾಕವ್ವ ರಬ್ಬರು?" ಎಂದರು.

"ಸದ್ದು ಕಮ್ಮಿ ಆಗ್ಲಿ ಅಂತ ಇರ್ಬೇಕು ಅಂಕಲ್. ರೇಸ್ ಕಾರಿಗೆ ಸದ್ದಿದ್ರೆ ಏನು?"

"ನಲವತ್ತು ವರ್ಷದಿಂದ ಪುಲ್ಲಿ ಕಡೀತಿದೀನಿ, ಒಂದಕ್ಕೂ ರಬ್ಬರ್ ಹಾಕಿಲ್ಲ" ಎಂದು ಅವರೂ ತಲೆಯಾಡಿಸಿದರು. ಹಳೆಯದನ್ನು ಅಳತೆಗೆಂದು ಇಟ್ಟುಕೊಂಡು, ಮೂರು ವಾರದಲ್ಲಿ ಗಟ್ಟಿ ಅಲ್ಯುಮಿನಿಯಮ್ಮಿನ ಚಿಕ್ಕ ಪುಲ್ಲಿ ಮಾಡಿದರು. ದೇವರ ಮನೆಯಲ್ಲಿ ಇಡುವಷ್ಟು ಚೆಂದವಿತ್ತು.

ಪರೀಕ್ಷೆಗೆ ಮಾದಿಹಳ್ಳಿಯ ಹತ್ತಿರ ಪರಿಚಯದ ರೈತರೊಬ್ಬರ ರಾಗಿ ಕೊಯ್ದ ಹೊಲ ಸಿಕ್ಕಿತು. ಹಳೆಯ ಪುಲ್ಲಿಯಲ್ಲಿ ಐದು ಸುತ್ತು, ಹೊಸದರಲ್ಲಿ ಐದು ಸುತ್ತು. ಸಮಯ ಹಿಡಿಯುವವನು ನಾನು. ಶಾಲೆಯಲ್ಲಿ ಬಳಸುತ್ತಿದ್ದ ಸ್ಟಾಪ್‌ವಾಚ್ ಒಯ್ದಿದ್ದೆ. ಹೊಲದವರು ಬದುವಿನ ಮೇಲೆ ಕೂತು, "ಇನ್ನೊಂದೈದು ಸುತ್ತು ಹೊಡೀರಿ ಮೇಷ್ಟ್ರೇ, ಈ ವರ್ಸ ಟ್ರ್ಯಾಕ್ಟರ್ ಕರ್ಸದು ತಪ್ತೈತೆ" ಎಂದು ಕೂಗುತ್ತಿದ್ದರು.

ಹೊಸ ಪುಲ್ಲಿಯ ಐದರಲ್ಲಿ ಮೂರು ಸುತ್ತು ಬೇಗ, ಎರಡು ನಿಧಾನ. ಸರಾಸರಿ ತೆಗೆದರೆ ಒಂದು ಸೆಕೆಂಡಿನ ಹತ್ತನೇ ಎರಡು ಭಾಗ ಲಾಭ. ಮಗಳು ಕುಣಿದಳು. ಲೇಥಿನವರು ಕುಣಿಯಲಿಲ್ಲ.

"ಮೇಷ್ಟ್ರೇ, ನಾನು ಹೂಂ ಅಂದಾಗ ವಾಚ್ ಶುರು ಮಾಡಿ. ಇನ್ನೊಂದ್ಸಲ ಹೂಂ ಅಂದಾಗ ನಿಲ್ಸಿ" ಎಂದರು. ಅದೇ ಹೊತ್ತಿಗೆ ತಮ್ಮ ಮೊಬೈಲಿನಲ್ಲೂ ಸಮಯ ಹಿಡಿದರು. ಹೀಗೆ ಹತ್ತು ಸಲ. ಎರಡೂ ಲೆಕ್ಕ ಒಮ್ಮೆಯೂ ಕೂಡಿಬರಲಿಲ್ಲ. ಒಮ್ಮೆ ಹತ್ತನೇ ಎರಡರಷ್ಟು ಆಚೆ, ಒಮ್ಮೆ ಹತ್ತನೇ ಮೂರರಷ್ಟು ಈಚೆ.

"ನೋಡಿ, ನನ್ ಪುಲ್ಲಿಗಿಂತ ನಮ್ಮಿಬ್ಬರ ಹೆಬ್ಬೆಟ್ಟೇ ಜಾಸ್ತಿ ಕೆಲ್ಸ ಮಾಡ್ತೈತೆ."

ಹೊಲದವರು ನಕ್ಕರು. ನನಗೆ ನಗು ಬರಲಿಲ್ಲ. ಇದೇ ಹೆಬ್ಬೆರಳಿನಿಂದ ಮೂವತ್ತೊಂದು ವರ್ಷ ಮಕ್ಕಳನ್ನು ಮೊದಲನೆಯವರು, ಎರಡನೆಯವರು ಎಂದು ಬೇರೆ ಮಾಡಿದ್ದೆ. ಅಳುತ್ತಾ ಹೋದ ಒಂದೆರಡು ಮುಖ ನೆನಪಾಯಿತು.

"ಹಾಗಾದರೆ ಪುಲ್ಲಿಯಿಂದ ಲಾಭ ಉಂಟೋ ಇಲ್ಲವೋ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಇರಬೌದು."

"ಇರಬಹುದು ಅಂದರೆ?"

"ಇರಬೌದು ಅಂದ್ರೆ ಇರಬೌದು ಮೇಷ್ಟ್ರೇ."

ಪಂದ್ಯಕ್ಕೆ ಹತ್ತು ದಿನವಿದ್ದಾಗ ಕೊಬ್ಬರಿ ಹರಾಜಿನ ದಿನ ನಾವು ಹೊಸ ಪುಲ್ಲಿ ಹಾಕಿದ ಕಾರಿನಲ್ಲೇ ಅರಸೀಕೆರೆಗೆ ಹೋಗಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಅರ್ಧ ಗಂಟೆ ಕದಲಲಿಲ್ಲ. ಬ್ಯಾಟರಿಯ ಕೆಂಪು ದೀಪ ಹತ್ತಿತು, ಎಂಜಿನ್ ಕಾವಿನ ಮುಳ್ಳು ಏರಿತು. ನಿಂತಲ್ಲಿ ಡೈನಮೋ, ಪಂಪು ಎರಡೂ ಸಾಲದಷ್ಟು ನಿಧಾನ ತಿರುಗುತ್ತಿದ್ದವು. "ಟ್ರ್ಯಾಕಲ್ಲಿ ಟ್ರಾಫಿಕ್ ಇರಲ್ಲ ಅಪ್ಪಾ" ಎಂದಳು ಮಗಳು. ಅದೂ ನಿಜ. ಅಂದರೆ ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ನನ್ನ ತಲೆ ಅಂಥದ್ದಕ್ಕೆ ಪಳಗಿದ್ದಲ್ಲ.

ಪಂದ್ಯದ ಹಿಂದಿನ ದಿನ. ನಾನು ನಡಿಗೆ ಮುಗಿಸಿ ಬಂದಾಗ ಆರೂ ಇಪ್ಪತ್ತು. ಲೇಥಿನವರು ಜಗುಲಿಯ ಮೇಲೆ ಕೂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು. ಕೈಚೀಲದಲ್ಲಿ ಅವರ ಬಳಿಯೇ ಉಳಿದಿದ್ದ ಕಾರಿನ ಹಳೆಯ ಪುಲ್ಲಿ. ಮಗಳು ಕಾಫಿ ಲೋಟ ಹಿಡಿದು ಹೊರಗೆ ಬಂದಳು.

"ಹೊಸಾದು ಬಿಚ್ಚವ್ವ. ಇದನ್ನ ಹಾಕು" ಎಂದರು.

"ಯಾಕೆ ಅಂಕಲ್? ನಾಳೆ ರೇಸು!"

"ನೆನ್ನೆ ಒಂದು ಎಣ್ಣೆ ಗಿರಣಿಗೆ ಹೋಗಿದ್ದೆ. ಅಲ್ಲಿ ಮೋಟಾರಿಗೂ ಶಾಫ್ಟಿಗೂ ಮಧ್ಯೆ ಒಂದು ರಬ್ಬರ್ ತುಂಡೈತೆ. ಹಿಂದೆ ಒಂದ್ಸಲ ಅದು ಸವೆದೋಗಿ, ಏನಾಗ್ತೈತೆ ಅಂತ ಇಲ್ದಂಗೇ ಓಡಿಸ್ಬಿಟ್ಟಿದ್ರು. ಶಾಫ್ಟ್ ಕಟ್ ಅಂತ ಮುರೀತು. ನಾನೇ ಬೇರೆ ಮಾಡ್ಕೊಟ್ಟಿದ್ದು. ನೆನ್ನೆ ಅದನ್ನ ನೋಡ್ದಾಗ ನಿನ್ ಪುಲ್ಲಿ ನೆನಪಾತು. ಎಂಜಿನ್ನು ಒಂದೊಂದು ಏಟಿಗೂ ಕ್ರ್ಯಾಂಕನ್ನ ತಿರುಚ್ತೈತೆ. ಆ ರಬ್ಬರು ಅದನ್ನ ನುಂಗ್ತೈತೆ. ನಾನ್ ಮಾಡಿರೋದು ಗಟ್ಟಿ ಪುಲ್ಲಿ. ಏನೂ ನುಂಗಕಿಲ್ಲ."

"ಕ್ರ್ಯಾಂಕ್ ಮುರಿಯುತ್ತಾ?"

"ಗೊತ್ತಿಲ್ಲ."

"ಒಂದೇ ದಿನ ಅಂಕಲ್. ನಾಳೆ ಒಂದೇ ದಿನ."

"ಒಂದಿನಕ್ಕೆ ಮುರೀದೆ ಇರಬೌದು. ವರ್ಸಕ್ಕೂ ಮುರೀದೆ ಇರಬೌದು. ಆದ್ರೆ ಮುರಿಯೋ ಹೊತ್ನಲ್ಲಿ ನೀನು ಒಳಗಿರ್ತೀಯ, ನಾನ್ ಇರಕಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಅಪ್ಪಾ, ನೀವು ಹೇಳಿ."

ಸಾವಿರ ಮಕ್ಕಳನ್ನು ಒಂದೇ ಸೀಟಿ ಊದಿ ನಿಲ್ಲಿಸಿದವನು ನಾನು. ಆದರೆ ಮಗಳು ಗೆಲ್ಲಬೇಕು ಎಂಬ ಆಸೆ ನನಗೆ ಅವಳಿಗಿಂತ ಹೆಚ್ಚಿತ್ತು. ಹತ್ತನೇ ಎರಡು ಸೆಕೆಂಡು ನನ್ನ ತಲೆಯಲ್ಲಿ ಕೂತಿತ್ತು. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ಅವಳು ಲೋಟವನ್ನು ಜಗುಲಿಯ ಮೇಲೆ ಕುಕ್ಕಿ ಸ್ಪ್ಯಾನರ್ ತರಲು ಒಳಗೆ ಹೋದಳು. ಪುಲ್ಲಿಯನ್ನು ತಾನೇ ಬದಲಾಯಿಸಿದಳು. ಲೇಥಿನವರು ತಿಂಡಿಯನ್ನೂ ತಿನ್ನದೆ ಹೋದರು.

ಮರುದಿನ ಮಗಳು ಎರಡನೆಯವಳಾದಳು. ಅಂತರ ಹತ್ತನೇ ಎರಡು ಸೆಕೆಂಡಿಗಿಂತಲೂ ಕಡಿಮೆ. ಅಲ್ಲಿ ಹೆಬ್ಬೆರಳಿನ ಮಾತಿರಲಿಲ್ಲ, ಎಲ್ಲ ಯಂತ್ರದ ಗಡಿಯಾರ.

ಅವಳು ಆಮೇಲೆ ಅವರ ಅಂಗಡಿಗೆ ಕಾಲಿಡಲಿಲ್ಲ. ನಾನು ಮಾತ್ರ ಹೋಗುತ್ತಿದ್ದೆ. ಅವರು ಪ್ರತಿ ಸಲ, "ಮಗಳು ಹೆಂಗವ್ಳೆ?" ಎನ್ನುವರು. "ಚೆನ್ನಾಗಿದ್ದಾಳೆ" ಎನ್ನುವೆ. ಇಬ್ಬರೂ ಅಲ್ಲಿಗೆ ನಿಲ್ಲಿಸುತ್ತಿದ್ದೆವು.

ಒಂದು ವರ್ಷ ಕಳೆದು ಅವರ ಶ್ವಾಸಕೋಶ ಕೆಟ್ಟಿತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೊರಟಾಗ ಮಗಳೇ ಕಾರು ತೆಗೆದಳು. ಹೊರಗೇ ಇರುತ್ತಾಳೆ ಎಂದುಕೊಂಡಿದ್ದೆ. ನನಗಿಂತ ಮುಂದೆ ಒಳಗೆ ಹೋದಳು. ಹೇಗಿದ್ದೀರಿ ಎಂದೂ ಕೇಳಲಿಲ್ಲ.

"ಅಂಕಲ್, ಅವತ್ತು ಆ ಪುಲ್ಲಿ ಇದ್ದಿದ್ರೆ ನಾನು ಗೆಲ್ತಿದ್ನಾ?"

ಇಲ್ಲ ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇಲ್ಲ ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು.

"ಗೆದ್ದಿರ್ತಿದ್ದೆ ಅನ್ಸುತ್ತೆ ಕಣವ್ವ."

"ಮತ್ತೆ ಅವತ್ತು ಯಾಕೆ ಬಂದ್ರಿ?"

"ಬಸ್ಸಲ್ಲೂ ಅದೇ ಯೋಚ್ನೆ. ಬ್ಯಾಡ, ಹುಡುಗಿ ಆಸೆ ಮುರೀಬಾರ್ದು, ವಾಪಸ್ ಹೋಗಾನ ಅಂತ ದಾರೀಲಿ ಜಾವಗಲ್ಲಲ್ಲಿ ಇಳಿಯಕ್ಕೆ ಎದ್ದಿದ್ದೆ."

"ಆಮೇಲೆ?"

"ಇಳಿಯೋದ್ರೊಳಗೆ ಬಸ್ ಬಿಟ್ಬುಡ್ತು."

ಅವಳು ನಕ್ಕುಬಿಟ್ಟಳು. ಅವರೂ ನಕ್ಕರು, ಕೆಮ್ಮು ಬಂತು, ಅವಳು ಬೆನ್ನು ಸವರಿದಳು. ಒಂಬತ್ತು ದಿನದ ಮೇಲೆ ಅವರು ತೀರಿಕೊಂಡರು.

ಪಂದ್ಯದ ಹುಚ್ಚಿನ ಹುಡುಗರು ಈಗಲೂ ಮನೆಗೆ ಬಂದು, ಆ ಚಿಕ್ಕ ಪುಲ್ಲಿಯಿಂದ ಉಪಯೋಗ ಉಂಟೇ ಸರ್ ಎಂದು ಕೇಳುತ್ತಾರೆ. ಇರಬಹುದು ಎನ್ನುತ್ತೇನೆ. ಅಂದು ನಾನು ಬಗ್ಗಿದ್ದು ಚಪ್ಪಲಿಗಲ್ಲ ಎಂಬುದು ಲೇಥಿನವರಿಗೆ ಗೊತ್ತಾಗಿತ್ತೇ? ಅದೂ ಇರಬಹುದು. ತಂದೆಯಾಗಿ ನಾನು ಆಡಬೇಕಿದ್ದ ಮಾತನ್ನು ಅವರು ಆಡಿದರು, ಅದರ ಸಿಟ್ಟನ್ನೂ ಒಂದು ವರ್ಷ ಒಬ್ಬರೇ ಹೊತ್ತರು. ನಾನು ಕೃತಜ್ಞತೆ ಹೇಳಲಿಲ್ಲ.

ಸಂಜೆ ಐದೂ ಇಪ್ಪತ್ತಕ್ಕೆ ಬೇಲೂರಿನ ಕಡೆಯಿಂದ ಮಗಳ ಕಾರು ನಮ್ಮ ಬೀದಿಗೆ ತಿರುಗುತ್ತದೆ. ಗಡಿಯಾರ ಏನೇ ಹೇಳಲಿ, ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ನಾನು ಕಾಫಿಗೆ ಒಲೆ ಹಚ್ಚುವುದು.