ಹತ್ತು ಚೌಕದ ಹಕ್ಕಲು

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಿಂದ ಅರ್ಜೆಂಟೀನಾದ ಮೇಲೆ ದಂಡೆತ್ತಿ ಹೋದವರಲ್ಲಿ ಅನುಷಾ ಮೊದಲಿಗಳು. ಸೈನ್ಯ ಇರಲಿಲ್ಲ. ಒಂದು ಸೂಟ್‌ಕೇಸು, ಅದರೊಳಗೆ ಪ್ರೆಶರ್ ಕುಕ್ಕರು, ಹುಣಸೆಹಣ್ಣು, ಖಾರದಪುಡಿ ಮತ್ತು ಸ್ಪ್ಯಾನಿಷ್ ಕಲಿಸುತ್ತೇನೆಂದು ಸುಳ್ಳು ಹೇಳುವ ಒಂದು ಪುಸ್ತಕ, ಇಷ್ಟೇ ಆಯುಧಗಳು. ಕೃಷಿ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದ ಈ ಹುಡುಗಿಯನ್ನು ಅಲ್ಲಿನ ಒಂದು ವಿಶ್ವವಿದ್ಯಾಲಯ ಒಂದು ಸೆಮಿಸ್ಟರ್ ಮಟ್ಟಿಗೆ ಕರೆಸಿಕೊಂಡಿತ್ತು. ವಿಷಯ, ಕಡಲೆಕಾಯಿ ಎಲೆಗೆ ಬರುವ ಚುಕ್ಕೆರೋಗ.

ಎಣ್ಣೆಮಿಲ್ಲಿನಲ್ಲಿ ಕೆಲಸ ಮಾಡುವ ಅವಳ ತಂದೆ ಕದರಪ್ಪನವರಿಗೆ ಇದರಲ್ಲಿ ಅರ್ಥವಾಗದ್ದು ಒಂದೇ ಸಂಗತಿ.

“ಕಡ್ಲೆಕಾಯ್ ಗಿಡ ನೋಡಕ್ಕೆ ಅಷ್ಟು ದೂರ ಯಾಕಮ್ಮ ಹೋಗ್ಬೇಕು? ಕಿಟಕಿ ತೆಗುದ್ರೆ ಕಾಣ್ತೈತಲ್ಲ.”

“ಹೋಗ್ಲಿ ಬುಡ್ಲಾ,” ಎಂದು ಅಜ್ಜಿ ಚಿಕ್ಕಹನುಮಕ್ಕ ಮಗನ ಬಾಯಿ ಮುಚ್ಚಿಸಿದರು. “ನಿನ್ ಕಿಟಕೀಲಿ ಸರ್ಟಿಫಿಕೇಟ್ ಕೊಡ್ತಾರಾ?”

ಹೀಗೆ ಅಪ್ಪಣೆ ಪಡೆದು ಅನುಷಾ ಮಾರ್ಚಿನಲ್ಲಿ ಕೊರ್ದೊಬಾ ಪ್ರಾಂತ್ಯದ ಒಂದು ಪುಟ್ಟ ಊರಿಗೆ ತಲುಪಿದಳು. ಅಲ್ಲಿಯ ಕಡಲೆಕಾಯಿ ಹೊಲಗಳು ಎಷ್ಟು ದೊಡ್ಡವೆಂದರೆ, ಒಂದು ಬದುವಿನ ಮೇಲೆ ನಿಂತು ಕೂಗಿದರೆ ಇನ್ನೊಂದು ಬದುವಿನವರಿಗೆ ಮಾರನೆಯ ದಿನ ಕೇಳಿಸೀತು. ಹಾಸ್ಟೆಲಿನಲ್ಲಿ ಅವಳ ಕೋಣೆಯ ಜೊತೆಗಾತಿ ಲೂಸಿಯಾ. ಅನುಷಾಳಿಗೆ ಬ್ರೆಡ್ಡು ಕೊಳ್ಳಲು, ಬಸ್ಸು ನಿಲ್ಲಿಸಲು, ಕೆನ್ನೆಗೆ ಕೆನ್ನೆ ತಾಗಿಸಿ ನಮಸ್ಕಾರ ಹೇಳುವಾಗ ಕಂಬದ ಹಾಗೆ ನಿಲ್ಲದಿರಲು ಕಲಿಸಿದವಳು ಅವಳೇ. ಮೊದಲ ವಾರ ಅನುಷಾ ಅತ್ತಾಗ ಕಾರಣ ಕೇಳದೆ ಪಕ್ಕದಲ್ಲಿ ಕೂತು ತಾನೂ ಒಂದಿಷ್ಟು ಅತ್ತವಳೂ ಅವಳೇ.

ಲೂಸಿಯಾಳದ್ದು ಕೊನೆಯ ವರ್ಷ. ಯಂತ್ರ ಕೊಯ್ಲು ಮಾಡಿದ ಮೇಲೆ ಮಣ್ಣಿನಲ್ಲಿ ಎಷ್ಟು ಕಾಯಿ ಉಳಿದುಹೋಗುತ್ತದೆ ಎಂದು ಅಳೆಯುವುದು ಅವಳ ಪ್ರಬಂಧ. ಅದು ಸರಿಯಾದರೆ ಪದವಿ, ಇಲ್ಲದಿದ್ದರೆ ಇನ್ನೊಂದು ಸುಗ್ಗಿಯವರೆಗೆ, ಅಂದರೆ ಇನ್ನೊಂದು ವರ್ಷ, ಕಾಯಬೇಕು. ಮೇ ತಿಂಗಳ ಒಂದು ಶುಕ್ರವಾರ ಅವಳು ಕೊಯ್ಲಾದ ಹೊಲವೊಂದರಲ್ಲಿ ಮಂಚದಗಲದ ಹತ್ತು ಚೌಕ ಅಳೆದು, ಸುತ್ತ ದಾರ ಕಟ್ಟಿ, ಒಳಗಿನ ಒಣಬಳ್ಳಿಯನ್ನೆಲ್ಲ ಗುಡಿಸಿ ತೆಗೆದಳು. ಸೋಮವಾರ ಬಂದು ಕಾಯಿ ಎಣಿಸುವುದೆಂದು ತೀರ್ಮಾನ. ಇದನ್ನೆಲ್ಲ ಅನುಷಾಳಿಗೆ ಅಂದೇ ರಾತ್ರಿಯ ಊಟದಲ್ಲಿ ಸ್ಪ್ಯಾನಿಷ್‌ನಲ್ಲಿ, ಎಕ್ಸ್‌ಪ್ರೆಸ್ ಬಸ್ಸಿನ ವೇಗದಲ್ಲಿ ಹೇಳಿದಳು. ಅನುಷಾ ಒಂದಕ್ಷರ ಅರ್ಥವಾಗದೆ, ಮರ್ಯಾದೆಗೆ ತಲೆಯಾಡಿಸಿದಳು.

ಶನಿವಾರ ಮಧ್ಯಾಹ್ನ ಎಲೆಯ ಫೋಟೋ ತೆಗೆಯಲು ಆ ಹೊಲದ ಪಕ್ಕದ ಹೊಲಕ್ಕೆ ಹೋದ ನಮ್ಮ ವೀರಾಗ್ರಣಿಯ ಕಣ್ಣಿಗೆ ಬಿದ್ದದ್ದು ದಾರವಲ್ಲ, ಚೌಕವಲ್ಲ. ಮಣ್ಣಿನಿಂದ ಮೂತಿ ಹೊರಗಿಟ್ಟು ಕೂತಿದ್ದ ಕಡಲೆಕಾಯಿ.

ಕೊಯ್ಲು ಮುಗಿದ ಹೊಲದಲ್ಲಿ ಉಳಿದದ್ದನ್ನು ಆಯ್ದುಕೊಳ್ಳುವುದಕ್ಕೆ ನಮ್ಮ ಕಡೆ ಹಕ್ಕಲು ಎನ್ನುತ್ತಾರೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬಿಟ್ಟು ಹೋದರೆ ಬೈಸಿಕೊಳ್ಳಬೇಕು. ಚಿಕ್ಕಹನುಮಕ್ಕನವರ ಕೈಕೆಳಗೆ ಐದನೇ ವಯಸ್ಸಿನಲ್ಲಿ ಈ ವಿದ್ಯೆಗೆ ದೀಕ್ಷೆ ಪಡೆದವಳು ಅನುಷಾ. ಮೇಲೆ ನೋಡಿದರೆ ಮೋಡ, ಕೆಳಗೆ ನೋಡಿದರೆ ಕಾಯಿ. ಮಳೆ ಬಿದ್ದರೆ ಮೊಳೆತು ಹಾಳಾಗುತ್ತದೆ! ದಾರ ಯಾಕಿದೆ ಎಂದು ಯೋಚಿಸುವ ವ್ಯವಧಾನ ಹಕ್ಕಲಾಯುವವರಿಗೆ ಇರುವುದಿಲ್ಲ. ಬೇರೆಲ್ಲ ಕಡೆ ಒಣಬಳ್ಳಿ ಮುಚ್ಚಿತ್ತು, ದಾರದೊಳಗೆ ಮಾತ್ರ ಯಾರೋ ಪುಣ್ಯಾತ್ಮರು ಗುಡಿಸಿಟ್ಟಿದ್ದರು. ಕುಕ್ಕರಗಾಲಿನಲ್ಲಿ ಕೂತಳು, ಕಡ್ಡಿಯಿಂದ ಕೆದಕಿದಳು. ಮೂರು ಗಂಟೆಯ ಘೋರ ಯುದ್ಧದ ಬಳಿಕ ಹತ್ತೂ ಚೌಕಗಳಲ್ಲಿ ಒಂದು ಕಾಯಿಯೂ ಉಳಿಯಲಿಲ್ಲ.

ಸಂಜೆ ಅರ್ಧದಷ್ಟು ಕಾಯಿ ಕುಕ್ಕರಿಗೆ ಬಿತ್ತು, ಉಪ್ಪಿನ ಜೊತೆ. ಕಡಲೆಕಾಯಿಯನ್ನು ಬೇಯಿಸಿ ತಿನ್ನಬಹುದೆಂದು ಆ ಹಾಸ್ಟೆಲಿನವರು ಕೇಳಿಯೇ ಇರಲಿಲ್ಲ. ಹನ್ನೆರಡು ಹುಡುಗಿಯರು, ವಾರ್ಡನ್ ಬಿಯಾತ್ರಿಸ್ ಅಮ್ಮ, ಬ್ರೆಡ್ಡು ತಂದ ಬೇಕರಿಯಾತ, ಎಲ್ಲರೂ ಕೈ ಹಾಕಿದರು. ಲೂಸಿಯಾ ತನ್ನ ಊರಿಗೆ ಹೋಗಿದ್ದಳು. ಅವಳಿಗೆಂದು ಉಳಿದರ್ಧವನ್ನು ಅನುಷಾ ಪ್ರೀತಿಯಿಂದ ಎತ್ತಿಟ್ಟಳು.

ಸೋಮವಾರ ಬೆಳಿಗ್ಗೆ ಲೂಸಿಯಾ ಹೊಲದಿಂದ ವಾಪಸ್ ಬಂದಾಗ ಅವಳ ಮುಖ ಸುಣ್ಣದ ಹಾಗಿತ್ತು. ಚೌಕಗಳು ಖಾಲಿ. ಹೊಸದಾಗಿ ಗುರುತು ಮಾಡೋಣವೆಂದರೆ ಅವಳ ಕಣ್ಣೆದುರಿಗೇ ಟ್ರ್ಯಾಕ್ಟರ್ ಉಳಲು ಇಳಿದಿತ್ತು. ಅನುಷಾ ಹಿಗ್ಗಿನಿಂದ ಚೀಲ ಎತ್ತಿ ತೋರಿಸಿದಳು. ಲೂಸಿಯಾ ಚೀಲ ನೋಡಿದಳು, ಅನುಷಾಳನ್ನು ನೋಡಿದಳು, ಬೆರಳೆಣಿಸುತ್ತ ನಿಧಾನವಾಗಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಈ ಸಲ ಅನುಷಾಳಿಗೆ ಪ್ರತಿಯೊಂದು ಅಕ್ಷರವೂ ಅರ್ಥವಾಯಿತು. ಲೂಸಿಯಾ ಕೂಗಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಹೊಸಕೋಟೆಯಲ್ಲಿ ಆಗ ದೀಪ ಹಚ್ಚುವ ಹೊತ್ತು. ಅಳುತ್ತ ಫೋನು ಮಾಡಿದ ಮೊಮ್ಮಗಳ ಕಥೆಯನ್ನು ಚಿಕ್ಕಹನುಮಕ್ಕ ಪೂರ್ತಿ ಕೇಳಿಸಿಕೊಂಡರು.

“ಎಲ್ಲಾ ಆಯ್ದ್ಯೇನೇ?”

“ಹೂಂ ಅಜ್ಜಿ. ಒಂದೂ ಬುಡ್ಲಿಲ್ಲ.”

“ಭೇಷ್. ಹತ್ತು ಪಟ್ಟೇದೂ ಸೇರ್ಸಿ ಒಟ್ಟು ಲೆಕ್ಕ ಸಿಕ್ಕುದ್ರೆ ಆತದಾ ಅವ್ಳಿಗೆ?”

“ಆಗುತ್ತೆ. ಆದ್ರೆ ಅರ್ಧ ತಿಂದ್ಬುಟ್ವಲ್ಲ!”

“ಅಯ್ಯೋ ತಲ್ಲೀ, ತಿಂದ್ರೆ ಸಿಪ್ಪೆ ಎಲ್ಲೋಯ್ತದೆ? ಕಾಯ್ ಬಿಡ್ಸೋವಾಗ ಯಾವ ಹೆಂಗಸು ಎಷ್ಟು ಬಾಯಿಗ್ ಹಾಕ್ಕಂಡ್ಲು ಅಂತ ನಮ್ ಗೌಡ ಹೆಂಗ್ ಕಂಡಿಡೀತಿದ್ದ? ಅವ್ಳ ಮುಂದಿರೋ ಸಿಪ್ಪೆ ಎಣ್ಸಿ. ಓಗು, ಕಸದಬುಟ್ಟಿ ಬಗ್ಗುಸು. ಅಳೋದ್ ಆಮೇಲಿಟ್ಕೋ.”

ಕಸದ ಗಾಡಿ ಬರುವುದು ಮಂಗಳವಾರ. ಅಡುಗೆಮನೆಯ ಬುಟ್ಟಿಗಳನ್ನು ಅನುಷಾ ಊಟದ ಮೇಜಿನ ಮೇಲೆ ಬಗ್ಗಿಸಿದ ಸದ್ದಿಗೆ ಲೂಸಿಯಾ ಎದ್ದು ಬಂದಳು. ಏನು ನಡೆಯುತ್ತಿದೆ ಎಂದು ತಿಳಿಯಲು ಒಂದು ನಿಮಿಷ ಹಿಡಿಯಿತು. ಕುರ್ಚಿ ಎಳೆದುಕೊಂಡಳು. ಒಂದು ಕಾಯಿಗೆ ಎರಡು ಹೋಳು ಸಿಪ್ಪೆ. ಹುಡುಗಿಯರೆಲ್ಲ ಜೋಡಿ ಸೇರಿಸಲು ಕೂತರು. ಬೇಕರಿಯಾತ ತಾನು ಮನೆಗೆ ಒಯ್ದ ಪೊಟ್ಟಣದ ಸಿಪ್ಪೆಯನ್ನು ಕೋರ್ಟಿಗೆ ಸಾಕ್ಷ್ಯ ತಂದಂತೆ ಎರಡೂ ಕೈಯಲ್ಲಿ ಹಿಡಿದು ತಂದ. “ಒಂದೂ ನುಂಗಿಲ್ಲ ತಾಯಿ,” ಎಂದು ಎದೆ ಮುಟ್ಟಿ ಹೇಳಿದ. ತಾನು ನಾಲ್ಕೇ ನಾಲ್ಕು ತಿಂದೆನೆಂದ ಬಿಯಾತ್ರಿಸ್ ಅಮ್ಮನ ಕೋಟಿನ ಜೇಬಿನಿಂದ ಐವತ್ತೆರಡು ಹೋಳು ಹೊರಬಿದ್ದವು. ಆಕೆ ಆ ಕೋಟು ಬೇರೆ ಯಾರದೋ ಎಂದರು.

ಕೊನೆಗೆ ಎಂಟುನೂರ ಹನ್ನೊಂದು ಹೋಳು. ಬೆಸ ಸಂಖ್ಯೆ! ಹದಿನೈದು ಮಂದಿ ಮೇಜಿನ ಕೆಳಗೆ ತೆವಳಿದರು. ಆ ಒಂದು ಹೋಳು ಲೂಸಿಯಾಳ ಚಪ್ಪಲಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಮೇಜಿನ ಮೇಲಿಡುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಸಂಜೆ ಲೂಸಿಯಾಳ ಮೇಷ್ಟ್ರು ಪ್ರೊಫೆಸರ್ ಒಲ್ಮೊಸ್ ಬಂದರು. ಒಂದು ಕಡೆ ತಿನ್ನದ ಕಾಯಿ, ಇನ್ನೊಂದು ಕಡೆ ಜೋಡಿ ಜೋಡಿಯಾಗಿ ಮಲಗಿದ್ದ ಸಿಪ್ಪೆ. ಎರಡು ಸಲ ಎಣಿಸಿದರು. ಕಾಯಿಯ ಸರಾಸರಿ ತೂಕ ತೆಗೆದು, ಹತ್ತು ಚೌಕದ ಒಟ್ಟು ನಷ್ಟ ಲೆಕ್ಕ ಹಾಕಿದರು. ಇಷ್ಟು ಚೊಕ್ಕಟವಾಗಿ ಆಯ್ದ ಚೌಕಗಳನ್ನು ತಾವು ಕಂಡಿಲ್ಲವೆಂದೂ, ಮಾದರಿಯ ಒಂದು ಭಾಗವನ್ನು ಸೇವಿಸಿದ ನಂತರ ಎಣಿಸಲಾಯಿತೆಂದು ಪ್ರಬಂಧದಲ್ಲಿ ಬರೆದರೆ ತಮ್ಮದೇನೂ ಅಡ್ಡಿಯಿಲ್ಲವೆಂದೂ ಹೇಳಿದರು.

ಹೇಳುತ್ತ ಹೇಳುತ್ತ ಮೈಮರೆತು ತೂಕದ ರಾಶಿಯಿಂದ ಒಂದು ಕಾಯಿ ಎತ್ತಿ, ಚಿಟುಕೆನ್ನಿಸಿ, ಬಾಯಿಗೆ ಹಾಕಿಕೊಂಡರು.

“ಸಿಪ್ಪೆ!” ಎಂದು ಲೂಸಿಯಾ ಸ್ಪ್ಯಾನಿಷ್‌ನಲ್ಲೂ ಅನುಷಾ ಕನ್ನಡದಲ್ಲೂ ಒಟ್ಟಿಗೇ ಕಿರುಚಿದರು. ಪ್ರೊಫೆಸರರು ಬೆಚ್ಚಿ, ಎರಡೂ ಹೋಳನ್ನು ಮೇಜಿನ ಮೇಲೆ ಜೋಡಿಸಿಟ್ಟರು.