ಕೈಯಿಂದ ಬೈರಾಸು ಕಿತ್ತುಕೊಂಡ ಪಂಪು

ಕಳೆದ ವರ್ಷ ಮಳೆಗಾಲ ಮುಗಿದು, ಬಾವಿಗಳಲ್ಲಿ ನೀರು ಇನ್ನೂ ಮೇಲೆಯೇ ಇದ್ದ ದಿನಗಳಲ್ಲಿ ನಡೆದದ್ದು ಇದು. ನಾನು ಬ್ರಹ್ಮಾವರದವನು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ಮೇಲೆ, ಪೇಟೆಂಟ್ ವ್ಯವಹಾರ ನೋಡಿಕೊಳ್ಳುವ ಒಂದು ಸಂಸ್ಥೆಗೆ ಆಗೊಮ್ಮೆ ಈಗೊಮ್ಮೆ ಪರೀಕ್ಷೆಯ ಕೆಲಸ ಮಾಡಿಕೊಡುತ್ತೇನೆ.

ಮೊಬೈಲ್ ಸಿಗ್ನಲ್ ಹಿಡಿದು ಕೆಲಸ ಮಾಡುವ ಪ್ರತಿ ಸಾಧನದೊಳಗೂ ಯಾರೋ ಕಂಡುಹಿಡಿದು ಹಕ್ಕು ಪಡೆದ ವಿಧಾನಗಳು ಇರುತ್ತವೆ. ಅವನ್ನು ಬಳಸಿ ಸಾಧನ ತಯಾರಿಸುವವರು ಹಕ್ಕುದಾರರಿಂದ ಲೈಸೆನ್ಸ್ ಪಡೆದು ರಾಯಲ್ಟಿ ಕೊಡಬೇಕಾಗುತ್ತದೆ. ಬಳಸಿದ್ದಾರೋ ಇಲ್ಲವೋ ಎಂಬುದೇ ತಕರಾರಾದಾಗ ನನ್ನಂಥವರನ್ನು ಕಳಿಸುತ್ತಾರೆ. ಕಂಡದ್ದನ್ನು ಕಂಡ ಹಾಗೆ ಬರೆದು ಕೊಡುವುದಷ್ಟೇ ನನ್ನ ಕೆಲಸ.

ಆ ದಿನ ನಾನು ಹೋದದ್ದು ಗುಲ್ವಾಡಿಯ ಕರುಣಾಕರ ಶೆಟ್ಟರ ಮನೆಗೆ. ತಲ್ಲೂರಿನಲ್ಲಿ ಅವರದೊಂದು ಸಣ್ಣ ಘಟಕ. ಊರಿನ ಕೆಲವು ಹೆಂಗಸರನ್ನು ಇಟ್ಟುಕೊಂಡು, ಮೊಬೈಲಿನಿಂದ ಕರೆ ಮಾಡಿ ಪಂಪು ಚಾಲೂ ಮಾಡುವ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದರು. ಮುಂಬಯಿಯಲ್ಲಿ ಹೋಟೆಲು ನಡೆಸುವ ನಮ್ಮ ಕಡೆಯವರು ಅದನ್ನು ಇಷ್ಟಪಟ್ಟು ಕೊಳ್ಳುತ್ತಿದ್ದರು. ಹೋಟೆಲಿನ ಹಣದ ಗಲ್ಲೆಯಲ್ಲಿ ಕುಳಿತೇ ಊರಿನ ತೆಂಗಿಗೆ ನೀರು ಬಿಡಬಹುದಲ್ಲ.

ತಕರಾರು ಇಷ್ಟೇ. ಬ್ಯಾಟರಿ ಉಳಿಸಲು ಪೆಟ್ಟಿಗೆಯೊಳಗಿನ, ಸಿಗ್ನಲ್ ಹಿಡಿಯುವ ಮಾಡ್ಯೂಲ್ ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿದ್ದರೂ ನಡುನಡುವೆ ಸಿಗ್ನಲಿಗೆ ಕಿವಿಗೊಟ್ಟು, ಕರೆ ಬಂದಿದ್ದರೆ ಕೂಡಲೇ ಏಳುವ ಒಂದು ವಿಧಾನಕ್ಕೆ ವಿದೇಶದ ಕಂಪನಿಯೊಂದರ ಪೇಟೆಂಟ್ ಇತ್ತು. ತನ್ನ ಪೆಟ್ಟಿಗೆ ಹಾಗೆ ಏಳುವುದಿಲ್ಲ, ತನ್ನ ಹೊತ್ತಿಗೆ ತಾನೇ ಎದ್ದು ಆಮೇಲೆ ಕರೆ ನೋಡುತ್ತದೆ ಎಂದು ಶೆಟ್ಟರು ಬರೆದು ಕೊಟ್ಟಿದ್ದರು. ಅವರ ಮಾತು ಸುಳ್ಳಾದರೆ ಲೈಸೆನ್ಸ್ ಪಡೆಯಲೇಬೇಕು. ಆಮೇಲೆ ಘಟಕ ಉಳಿಯುತ್ತದೆಂಬ ಧೈರ್ಯ ಅವರಿಗೇ ಇರಲಿಲ್ಲ.

ಶೆಟ್ಟರ ಹೆಂಡತಿ ಸುಜಾತಾ ಬೆಲ್ಲ ನೀರು ತಂದಿಟ್ಟರು.

"ತಕಣಿ ಮಾಸ್ಟ್ರೇ," ಎಂದರು ಶೆಟ್ಟರು. "ನನ್ನ ಬಾಗ್ಲ್ ಹಾಕ್ಸುಕೆ ಬಂದ್ರೂ ನೆಂಟ್ರ್ ನೆಂಟ್ರೇ ಅಲ್ದಾ?"

"ಹಾಕಿಸುವವನು ನಾನಲ್ಲ ಶೆಟ್ರೇ. ನೋಡುವವನು ಮಾತ್ರ."

"ಆ ಮಾಡ್ಯೂಲ್ ನಾನ್ ಮಾಡದ್ದಲ್ಲ. ತಂದ್ ಕೂರ್ಸುದ್ ಅಷ್ಟೇ. ಹೋಟ್ಲಂಗೆ ಚಾ ಕುಡ್ದವ ಚಾಪುಡಿ ತೋಟದವ್ನಿಗೂ ಬ್ಯಾರೆ ದುಡ್ಡ್ ಕೊಡ್ಕಾ?"

"ಅವ್ರ್ ಬಂದದ್ದ್ ಮೋಟರ್ ಕಾಂಬುಕೆ," ಎಂದರು ಸುಜಾತಾ. "ನೀವ್ ಅವ್ರ ತಲೆ ತಿಂಬುದ್ ಬ್ಯಾಡ."

ಬಾವಿಕಟ್ಟೆಯ ಪಕ್ಕದ ಹಂಚಿನ ಮಾಡಿನಡಿ ಹಳೆಯ ಕಾಲದ ಪಂಪು ಇತ್ತು. ಮೋಟಾರು ಬೇರೆ, ಪಂಪು ಬೇರೆ, ನಡುವೆ ಎರಡನ್ನೂ ಸೇರಿಸುವ ಕಬ್ಬಿಣದ ಕಪ್ಲಿಂಗು. ಅದರ ಮೇಲೆ ಇರಬೇಕಾಗಿದ್ದ ಮುಚ್ಚಳ ಇರಲಿಲ್ಲ. ಪರೀಕ್ಷೆಗೆಂದು ಶೆಟ್ಟರು ಹಳೆಯದನ್ನು ತೆಗೆದು, ಅದರ ಸಿಮ್ಮನ್ನೇ ಹಾಕಿದ ಹೊಸ ಪೆಟ್ಟಿಗೆಯೊಂದನ್ನು ಅಂದೇ ಬೆಳಿಗ್ಗೆ ಗೋಡೆಗೆ ಹಾಕಿದ್ದರು. ಅದರ ಕೆಂಪು ದೀಪದ ಕೆಳಗೆ 'ನಿದ್ದೆ' ಎಂದು ಅಚ್ಚುಹಾಕಿದ ಚೀಟಿ ಅಂಟಿಸಿತ್ತು. ದೀಪ ಉರಿಯುತ್ತಿತ್ತು.

ಗದ್ದೆಯಂಚಿನಲ್ಲಿ ನಡೆದು ಬಂದಿದ್ದರಿಂದ ನನ್ನ ಕಾಲಿಗೆ ಕೆಸರಾಗಿತ್ತು. ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದೆ. ಶೆಟ್ಟರು ಕೊರಳಿಗೆ ಸುತ್ತಿಕೊಂಡಿದ್ದ ಬೈರಾಸು ತೆಗೆದು ಒರೆಸಿಕೊಳ್ಳಲು ಕೊಟ್ಟರು. ನಾನು ಒರೆಸಿಕೊಳ್ಳುವಾಗ ಅವರು ಪಂಪಿನ ಬಳಿ ಕುಕ್ಕರಗಾಲಲ್ಲಿ ಕೂತರು. ಕಪ್ಲಿಂಗಿನ ಪಕ್ಕದಲ್ಲಿ ನೀರು ಜಿನುಗುತ್ತಿತ್ತು. ಅಲ್ಲಿಯ ಬೋಲ್ಟು ಬಿಗಿಮಾಡಲು ಬಲಗೈಯನ್ನು ಒಳಗೆ ಹಾಕಿದರು.

"ಮೇನ್ ಸ್ವಿಚ್ ತೆಗೆಯಿರಿ ಶೆಟ್ರೇ," ಎಂದೆ.

"ತೆಗ್ದ್ರೆ ನಿಮ್ಮ್ ಪರೀಕ್ಷೆ ಎಂತರದ್ದ್? ಕೆಂಪ್ ದೀಪ ಇತ್ತಲೆ. ಈಗ ಯಾರ್ ಕರದ್ರೂ ಅದ್ ಏಳೂದಿಲ್ಲ." ಕೈ ತೆಗೆಯದೆ ನನ್ನ ಕಡೆ ತಿರುಗಿ ನಕ್ಕರು. "ಇದನ್ನೂ ಬರ್ಕಣಿ. ತಯಾರ್ ಮಾಡ್ದವ್ನೇ ಕೈ ಹಾಕಿ ಕೂತಿದ್ದ ಅಂದೇಳಿ."

ಬೈರಾಸನ್ನು ಮಾಡಿನ ಕೆಳಗಿದ್ದ ಹಗ್ಗದ ಮೇಲೆ ಹಾಕಲು ಹೋದವನು, ಒದ್ದೆಯಾದ ಬಟ್ಟೆಯನ್ನು ಹೇಳದೆ ಹಾಕಿಬಿಡುವುದು ಸರಿಯಲ್ಲವೆನಿಸಿ ತಿರುಗಿದೆ.

"ಹ್ವಾಯ್ ಶೆಟ್ರೇ, ನಿಮ್ಮ ಬೈರಾಸ್."

ಅವರು ಬಲಗೈ ಹೊರತೆಗೆದು ಬೈರಾಸಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತು. ನಡುಭಾಗ ಕಪ್ಲಿಂಗಿನ ಮೇಲೆ ಜೋತುಬಿದ್ದಿತ್ತು. ಪೆಟ್ಟಿಗೆಯೊಳಗೆ ಟಕ್ ಎಂದಿತು. ಮೋಟಾರು ತಿರುಗಿತು. ಬೈರಾಸು ಇಬ್ಬರ ಕೈಯಿಂದಲೂ ಒಮ್ಮೆಲೇ ಹೋಯಿತು. ನಾನು ಬಿಟ್ಟದ್ದಲ್ಲ. ಅದು ಕಿತ್ತುಕೊಂಡದ್ದು. ಅಂಗೈ ಉರಿಯಿತು. ನೋಡುವಾಗ ಕಬ್ಬಿಣದ ಸುತ್ತ ಬೈರಾಸು ಬಿಗಿಯಾಗಿ ಸುತ್ತಿಕೊಂಡು, ಉಳಿದ ತುಂಡೊಂದು ನೆಲಕ್ಕೆ ಹೊಡೆದುಕೊಳ್ಳುತ್ತ ತಿರುಗುತ್ತಿತ್ತು. ಸುಜಾತಾ ಓಡಿ ಬಂದು ಮೇನ್ ಸ್ವಿಚ್ ಎಳೆದರು.

ಶೆಟ್ಟರು ನೆಲದ ಮೇಲೆ ಕೂತುಬಿಟ್ಟಿದ್ದರು. ಸುಜಾತಾ ಅವರ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅಷ್ಟರಲ್ಲಿ ಶೆಟ್ಟರ ಜೇಬಿನಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಸುಜಾತಾ ಅದನ್ನು ತೆಗೆದು ಅವರ ಕಿವಿಗಿಟ್ಟರು. ಮುಂಬಯಿಯಲ್ಲಿ ಹೋಟೆಲು ನಡೆಸುವ ಶೆಟ್ಟರ ತಮ್ಮ ರಘು. ಅವನ ದನಿ ನನಗೂ ಕೇಳಿತು.

"ಅಣ್ಣ, ಮೋಟರ್ ಹಾಕಿದ್ದೆ. ನೀರ್ ಬಿತ್ತಾ?"

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಗಲ್ಲೆಯಿಂದಲೇ ಊರಿನ ಪಂಪು ಹಾಕುವುದು ರಘುವಿನ ದಿನದ ಕ್ರಮವಂತೆ. ಹಳೆಯ ಪೆಟ್ಟಿಗೆಯಾದರೆ ಅವನು ಕರೆದು ಎಷ್ಟೋ ಹೊತ್ತಿನ ಮೇಲೆ ಮೋಟಾರು ತಿರುಗುತ್ತಿತ್ತು. ಹಾಗಾಗಿ ಇವತ್ತು ಕರೆ ಮಾಡಬೇಡ ಎಂದು ಹೇಳಬೇಕೆಂದು ಶೆಟ್ಟರಿಗೆ ಅನ್ನಿಸಿಯೇ ಇರಲಿಲ್ಲ.

"ಬಿತ್ತ್ ಮಾರಾಯ," ಎಂದರು ಶೆಟ್ಟರು. "ನಾನ್ ಹೇಳೋವರೆಗೆ ಇನ್ ಮೋಟರ್ ಹಾಕ್ಬ್ಯಾಡ."

ಆಮೇಲೆ ಅವರೇ ಎದ್ದು ಪೆಟ್ಟಿಗೆ ಬಿಚ್ಚಿದರು. ಹಿಂದಿನ ಕಂತಿನ ಒಂದು ಮಾಡ್ಯೂಲ್ ತಂದು ಪಕ್ಕದಲ್ಲಿಟ್ಟರು. ಹೊರಗಿನ ಹೆಸರು ಒಂದೇ. ಒಳಗಿನದು ಬದಲಾಗಿತ್ತು. ಮಾರಿದವರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಶೆಟ್ಟರು ಸುಳ್ಳು ಹೇಳಿರಲಿಲ್ಲವೆಂಬುದು ನನಗೆ ಸ್ಪಷ್ಟವಾಯಿತು. ಹೊಸ ಪೆಟ್ಟಿಗೆ ಕರೆಗೆ ಕೂಡಲೇ ಏಳುತ್ತದೆ ಎಂಬುದೂ ಅಷ್ಟೇ ಸ್ಪಷ್ಟವಾಯಿತು.

ಶೆಟ್ಟರೇ ಹೇಳಿದರು: "ಎಂತ ಕಂಡ್ರೋ ಅದನ್ನೇ ಬರೀಕ್ ಮಾಸ್ಟ್ರೇ. ಅದ್ ಆಮೇಲೆ. ಈಗ ನನ್ನ ತಲ್ಲೂರಿಗೆ ಬಿಡ್ತ್ರಾ? ಈ ಕೈಯಂಗೆ ಬೈಕ್ ಹಿಡೂಕ್ ಆಪ್ದಿಲ್ಲ."

ಗದ್ದೆಯಾಚೆ ರಸ್ತೆಯಲ್ಲಿ ನಿಲ್ಲಿಸಿದ್ದ ನನ್ನ ಕಾರಿನವರೆಗೆ ನಡೆದೆವು. ಕಾರನ್ನು ನಿಧಾನವಾಗಿ ಓಡಿಸಿದೆ.

ತಲ್ಲೂರಿನಲ್ಲಿ ಹೆಂಗಸರು ಬೆಸುಗೆಯ ಕೆಲಸ ನಿಲ್ಲಿಸಿ ತಮ್ಮ ತಮ್ಮ ಮೊಬೈಲು ತೆಗೆದರು. ಹೊಸ ಪೆಟ್ಟಿಗೆ ಕೊಂಡ ಪ್ರತಿ ಮನೆಗೂ ಫೋನು ಹೋಯಿತು. ಕೆಂಪು ದೀಪ ನಂಬಬೇಡಿ, ಮೇನ್ ಸ್ವಿಚ್ ತೆಗೆಯದೆ ಪಂಪು ಮುಟ್ಟಬೇಡಿ. ಬೈಂದೂರಿನ ಗಿರಾಕಿಯೊಬ್ಬರು ಫೋನಿನಲ್ಲಿ ಶೆಟ್ಟರಿಗೆ ಜೋರು ಮಾಡುವುದು ಹೊರಗಿನವರೆಗೂ ಕೇಳುತ್ತಿತ್ತು.

"ಕೆಂಪ್ ದೀಪ ಇದ್ರೆ ಕೈ ಹಾಕುಕೆ ಆತ್ತ್ ಅಂದದ್ದ್ ನೀವೇ ಅಲ್ದಾ?"

"ನಾನೇ ಅಂದದ್ದ್," ಎಂದರು ಶೆಟ್ಟರು. "ತಪ್ಪಾಯ್ತ್. ನಿಮ್ಮ್ ಮನಿಯಂಗೆ ಎಲ್ಲರಿಗೂ ಹೇಳಿ. ನಾನ್ ನಾಳೆ ಬಂದ್ ಆ ಚೀಟಿ ಕಿತ್ತ್ ತೆಗೀತೆ."

ಅವರು ಆ ದಿನ ಲೈಸೆನ್ಸಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಮನೆಗೆ ಬಂದು ವರದಿ ಬರೆದೆ. ಕರೆ ಬಂದ ಕೂಡಲೇ ಸಾಧನ ಎದ್ದಿತೇ ಎಂಬುದಷ್ಟೇ ನನ್ನನ್ನು ಕಳಿಸಿದವರಿಗೆ ಬೇಕಾಗಿದ್ದ ಉತ್ತರ. ಎದ್ದಿತು ಎಂದು ಬರೆದೆ. ಮಾಡ್ಯೂಲು ಬದಲಾದದ್ದು ತಯಾರಕರಿಗೆ ತಿಳಿದಿರಲಿಲ್ಲವೆಂದೂ, ಅದಕ್ಕೆ ನಾನು ಕಂಡ ಸಾಕ್ಷಿ ಯಾವುದೆಂದೂ ಕೆಳಗೆ ಸೇರಿಸಿದೆ. ಯಾರೂ ಅದನ್ನು ಕೇಳಿರಲಿಲ್ಲ.

ಮಾತುಕತೆ ಕೆಲವು ತಿಂಗಳು ನಡೆಯಿತು. ಸಣ್ಣ ತಯಾರಕರೆಂದು ಕಂಪನಿಯವರು ದರ ಇಳಿಸಿದರು. ಹಿಂದಿನದನ್ನು ಕೆದಕದೆ ಮುಂದಿನದಕ್ಕೆ ಮಾತ್ರ ಒಪ್ಪಂದವಾಯಿತು. ಪೆಟ್ಟಿಗೆಯ ಬೆಲೆ ಏರಿತು, ಗಿರಾಕಿಗಳು ಸ್ವಲ್ಪ ಕಡಿಮೆಯಾದರು, ಘಟಕ ಉಳಿಯಿತು. ಕುಂದಾಪುರದ ವಕೀಲರ ಕಚೇರಿಯಲ್ಲಿ ಸಹಿ ಹಾಕುವ ದಿನ ಸಾಕ್ಷಿಗೆ ನನ್ನನ್ನೂ ಕರೆದಿದ್ದರು. ಪೆನ್ನು ಕೈಗೆ ಬಂದ ಮೇಲೆ ಶೆಟ್ಟರು ಬಲಗೈಯನ್ನೊಮ್ಮೆ ಬಿಡಿಸಿ ನೋಡಿ, ಆಮೇಲೆ ಸಹಿ ಹಾಕಿದರು. ಯಾಕೆಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ನನ್ನ ಅಂಗೈಯ ಉರಿ ಎರಡೇ ದಿನಕ್ಕೆ ಹೋಯಿತು. ಆದರೆ ಆ ಬೈರಾಸನ್ನು ಹಗ್ಗದ ಮೇಲೆ ಹಾಕಿಬಿಟ್ಟಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ. ಯಾರ ಮನೆಗೆ ಹೋದರೂ, ಕೈ ಒರೆಸಲು ಬೈರಾಸು ಕೊಟ್ಟರೆ, ಕೊಟ್ಟವರನ್ನು ಕರೆದು ಅವರ ಕೈಗೇ ಹಿಂದಿರುಗಿಸುತ್ತೇನೆ.