ಖಾಲಿ ಮದ್ದು

ಭಾಮಾಬಾಯಿಗೆ ನಲವತ್ತಮೂರು ತುಂಬುವವರೆಗೆ ಬಂದೂಕಿನ ಹಿಂದು ಮುಂದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಕಾರಣವೂ ಇರಲಿಲ್ಲ ಬಿಡಿ. ಹುಟ್ಟಿ ಬೆಳೆದದ್ದು ಶಹಾಬಾದದಲ್ಲಿ. ಅಪ್ಪ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಅವ್ವ ಮಡಿ ಎಂದರೆ ಮಡಿ. ಆ ಮನೆಯ ಹುಡುಗಿ ನರ್ಸ್ ಕಲಿಯಲು ಹೊರಟಾಗ ಬಳಗವೆಲ್ಲ ಮೂಗು ಮುರಿಯಿತು. ನೌಕರಿ ಸಿಕ್ಕ ಮೇಲೂ ಅವ್ವ, "ಹೆರಿಗಿ ಮಾಡಿಸಿ ಬಂದ ಕೈಲೆ ದೇವರ ಮನಿ ಬಾಗಿಲ ಮುಟ್ಟಬ್ಯಾಡ" ಎನ್ನುತ್ತಿದ್ದಳು. "ಹಂಗಾದ್ರ ದೇವರಿಗೇ ಹೊರಗ ಬಾ ಅನ್ನು, ನಮಸ್ಕಾರ ಮಾಡ್ತೀನಿ" ಎಂದು ಇವಳು ಅಂಗಳದಲ್ಲೇ ಕೈಮುಗಿದು ಹೋಗುತ್ತಿದ್ದಳು. ಬಾಯಿ ಜೋರು, ಕೆಲಸ ಚೊಕ್ಕ. ತಪ್ಪು ಮಾಡುವ ಹೆಂಗಸಲ್ಲ ಎಂದು ಹೆಸರಾಗಿದ್ದಳು. ಆ ಹೆಸರೇ ಮುಂದೆ ಅವಳನ್ನು ಕಾಡಿತು.

ಗಂಡ ಜಯತೀರ್ಥ ಸೇಡಂನಲ್ಲಿ ಹೈಸ್ಕೂಲು ಮಾಸ್ತರ. ಭಾಮಾಬಾಯಿಯ ನೌಕರಿ ಸುಲೇಪೇಟದಿಂದ ಎರಡು ಮೈಲು ಆಚೆ, ಒಂದು ಹಳ್ಳಿಯ ಉಪಕೇಂದ್ರದಲ್ಲಿ. ಚಿಂಚೋಳಿಯ ಅಡವಿ ಅಲ್ಲಿಂದ ದೂರವಿಲ್ಲ. ಜೋಳದ ತೆನೆ ಹಾಲುಗಾಳು ಕಟ್ಟಿತೆಂದರೆ ಹಂದಿಗಳ ಹಿಂಡು ಹೊಲಕ್ಕೆ ಇಳಿಯುತ್ತಿತ್ತು. ಅದಕ್ಕಾಗಿ ಊರಲ್ಲಿ ಹತ್ತಾರು ಮನೆಗಳಲ್ಲಿ ನಳಿಕೆಯ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳಿದ್ದವು. ಎರಡಕ್ಕೆ ಲೈಸನ್ಸು ಇತ್ತು. ಉಳಿದವುಗಳ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಎತ್ತಿದವರು ಡಾಕ್ಟರ್ ಪವಮಾನ. ತಾಲೂಕು ದವಾಖಾನೆಗೆ ಹೊಸದಾಗಿ ಬಂದಿದ್ದ ಹುಡುಗ ಡಾಕ್ಟರು. ಒಂದೇ ವರ್ಷದಲ್ಲಿ ಮೂವರು ಬಂದೂಕಿನ ಗಾಯವಾದವರು ಅವರ ಟೇಬಲ್ಲಿಗೆ ಬಂದಿದ್ದರು, ಮೂವರೂ "ಎತ್ತು ಹಾದದರಿ" ಎಂದು ಎತ್ತಿನ ಕೋಡಿನ ನೆಪ ಹೇಳಿದ್ದರು. ಒಬ್ಬನ ಗಾಯದ ತುಂಬ ಅರಿಷಿಣ, ಇನ್ನೊಬ್ಬನದಕ್ಕೆ ಸುಣ್ಣ ಮತ್ತು ತಂಬಾಕು. ಮೂರನೆಯವನ ತೊಡೆಯಲ್ಲಿದ್ದ ಚರೆಯನ್ನು, ಎಂದರೆ ಸೀಸದ ಸಣ್ಣ ಗುಂಡನ್ನು, ಯಾರೋ ಸೂಜಿಯಿಂದ ಕೆದಕಿ ಕೆದಕಿ ಕಾಲನ್ನೇ ಕೊಳೆಸಿದ್ದರು. ಡಾಕ್ಟರಿಗೆ ತಲೆ ಕೆಟ್ಟಿತು. ೧೯೯೨ರ ದೀಪಾವಳಿ ಕಳೆದ ಮೇಲೆ ನರ್ಸಮ್ಮಂದಿರು, ಹೋಂಗಾರ್ಡಿನವರು, ಜೀಪಿನ ಡ್ರೈವರು, ಎಲ್ಲರನ್ನೂ ಸೇರಿಸಿ ಚಿಂಚೋಳಿಯಲ್ಲಿ ಎರಡು ದಿನದ ತರಬೇತಿ ಇಟ್ಟರು.

ಮೊದಲ ದಿನ ಗಾಯದ ಪಾಠ. ಸ್ವಚ್ಛ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಬೇಕು. ಒಳಗೆ ಬೆರಳು ಹಾಕಬಾರದು, ಏನನ್ನೂ ಮೆತ್ತಬಾರದು. ತೂತು ಬಿದ್ದ ಅಂಗಿಯನ್ನು ಒಗೆಯಬಾರದು, ಎಸೆಯಬಾರದು. ಪೊಲೀಸರಿಗೆ ತಿಳಿಸುವುದು ಡಾಕ್ಟರ ಕೆಲಸ, ಅದಕ್ಕೆ ಹೆದರಿ ಗಾಯಾಳುವನ್ನು ಮನೆಯಲ್ಲಿ ಮುಚ್ಚಿಡಲು ಬಿಡಬಾರದು. ಎರಡನೆಯ ದಿನ ಡಾಕ್ಟರು ಹೇಳಿದರು: "ಗಾಯ ಕಟ್ಟೋದು ಆಮ್ಯಾಲಿನ ಕೆಲಸರಿ. ಗಾಯ ಆಗದ ಹಂಗ ನೋಡೋದು ಮೊದಲಿನ ಕೆಲಸ. ನೀವು ಹ್ಯಾಂಗೂ ಕೂಸುಗಳಿಗೆ ಸೂಜಿ ಹಾಕ್ಲಿಕ್ಕೆ ಮನಿ ಮನಿ ತಿರುಗ್ತೀರಿ. ಹಂಗೇ ಬಂದೂಕಿಂದೂ ಕೇಳ್ರಿ."

ಕೇಳಲು ಒಂದು ಫಾರಂ ಕೊಟ್ಟರು. ಅದರಲ್ಲಿ ಮೂರು ಪ್ರಶ್ನೆ. ಬಂದೂಕು ಇದೆಯೇ? ಎಲ್ಲಿ ಇಡುತ್ತಾರೆ? ತುಂಬಿದೆಯೋ, ಖಾಲಿಯೋ?

ತಮಾಷೆ ನೋಡಿ, ಆ ಕೋಣೆಯಲ್ಲಿ ಕೂತವರಲ್ಲಿ ಬಂದೂಕು ಹಿಡಿದವರು ಒಬ್ಬರೂ ಇರಲಿಲ್ಲ. ಹೋಂಗಾರ್ಡಿನವರು ಹಿಡಿದದ್ದು ಲಾಠಿ, ಡಾಕ್ಟರು ಹಿಡಿದದ್ದು ಸೂಜಿ. ತುಂಬಿದ ಬಂದೂಕಿಗೂ ಖಾಲಿ ಬಂದೂಕಿಗೂ ಗುರುತೇನು ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಚಾ ಕುಡಿದು ಫಾರಂ ಕಟ್ಟು ಬಗಲಿಗಿಟ್ಟುಕೊಂಡು ಎಲ್ಲರೂ ಬಸ್ಸು ಹತ್ತಿದರು.

ಗುಲಾಮ ದಸ್ತಗೀರನ ಮನೆಗೆ ಭಾಮಾಬಾಯಿ ಹೋದದ್ದು ಸಂಕ್ರಾಂತಿಗೆ ನಾಲ್ಕು ದಿನವಿದ್ದಾಗ. ಜೊತೆಗೆ ಉಪಕೇಂದ್ರದ ಆಯಾ ಯಂಕಮ್ಮ. ದಸ್ತಗೀರ ಐದೆಕರೆ ಜೋಳದ ರೈತ, ಮಿತಭಾಷಿ. ಹೆಂಡತಿ ಜಾನಬಿ ಕೈಗೂಸಿಗೆ ಸೂಜಿ ಹಾಕಿಸಿಕೊಂಡಳು. ಐದು ವರ್ಷದ ಹಿರಿಮಗಳು ಸಾನಿಯಾ ತನಗೂ ಸೂಜಿ ಹಾಕುತ್ತಾರೆಂದು ಹೆದರಿ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಅಡಗಿದ್ದಳು. ಆಮೇಲೆ ಭಾಮಾಬಾಯಿ ಫಾರಂ ತೆಗೆದಳು.

"ಬಂದೂಕಾ? ನಮ್ಮ ಮನ್ಯಾಗ ಎಲ್ಲಿಂದರಿ" ಎಂದ ದಸ್ತಗೀರ.

"ನಾ ಪೊಲೀಸರಾಕಿ ಅಲ್ಲ, ದಸ್ತಗೀರಸಾಬ್. ಕೂಸುಗಳ ಸಲುವಾಗಿ ಕೇಳ್ಲಿಕತ್ತೀನಿ."

ಜಾನಬಿ ಗುಮ್ಮಿಯ ಕಡೆ ಕಣ್ಣು ಹೊರಳಿಸಿದಳು. ಅದರ ಮೂಲೆಗೆ ಆನಿಸಿಟ್ಟ ನಳಿಕೆಯ ತುದಿ ಕಾಣುತ್ತಿತ್ತು. ದಸ್ತಗೀರ ನಾಚಿ ನಕ್ಕ.

"ತುಂಬೇದೋ, ಖಾಲಿಯೋ?"

"ಖಾಲಿ ಮದ್ದದರಿ ಬಾಯಾರ."

ಭಾಮಾಬಾಯಿ "ಖಾಲಿ" ಎಂದು ಬರೆದಳು. ಇನ್ನೂ ಒಂಬತ್ತು ಮನೆ ಉಳಿದಿದ್ದವು.

ಈ ಸೀಮೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಕೊಡ ಬರಿದಾದರೆ ಖಾಲಿ. ಪಲ್ಯ ಇಲ್ಲದೆ ಬರೀ ರೊಟ್ಟಿ ತಿಂದರೂ ಖಾಲಿ ರೊಟ್ಟಿ ತಿಂದೆ ಎನ್ನುತ್ತೇವೆ. ದಸ್ತಗೀರ ಹೇಳಿದ್ದು ಎರಡನೆಯದು. ಒಳಗೆ ಬರೀ ಮದ್ದು ಇದೆ, ಮೇಲೊಂದು ಅರಿವೆಯ ಬಿರಡೆ, ಗುಂಡಿಲ್ಲ, ಚರೆಯಿಲ್ಲ, ಹಂದಿ ಬೆದರಿಸಲು ಮಾತ್ರ. ಭಾಮಾಬಾಯಿ ಕೇಳಿಸಿಕೊಂಡದ್ದು ಮೊದಲನೆಯದು. ಮುಂಜಾನೆಯಿಂದ ಸಂಜೆಯತನಕ ತಾನೇ ಎರಡೂ ಅರ್ಥದಲ್ಲಿ ಆಡುವ ಮಾತು ಅದು. ಕೈಯಲ್ಲಿದ್ದ ಫಾರಂ ಮಾತ್ರ ಒಂದೇ ಅರ್ಥವನ್ನು ಕಾಯುತ್ತಿತ್ತು.

ಹನ್ನೊಂದು ದಿನಕ್ಕೆ ಸಾನಿಯಾ ಮತ್ತೆ ಗುಮ್ಮಿಯ ಹಿಂದೆ ಅಡಗಿದಳು, ಈ ಸಲ ಆಟಕ್ಕೆ. ಜಾಗ ಸಾಲದೆಂದು ಬಂದೂಕನ್ನು ನಳಿಕೆಯ ಬಾಯಿ ಹಿಡಿದು ಪಕ್ಕಕ್ಕೆ ಎಳೆದಳು. ಮದ್ದಿಗೆ ಕಿಡಿ ಕೊಡುವ ಅದರ ಕುದುರೆ ಗುಮ್ಮಿಯ ಅಂಚಿಗೆ ಸಿಕ್ಕು ಎದ್ದು ಬಿತ್ತು, ಬಂದೂಕು ಹಾರಿತು.

ಜಾನಬಿ ಮಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಉಪಕೇಂದ್ರಕ್ಕೆ ಓಡಿ ಬಂದಳು. ಹಿಂದೆ ಬಂದ ಮುದುಕಿಯೊಬ್ಬಳ ಕೈಯಲ್ಲಿ ಸುಣ್ಣದ ಡಬ್ಬಿ ಇತ್ತು. ಯಂಕಮ್ಮ ಅವಳನ್ನು ಬಾಗಿಲಲ್ಲೇ ತಡೆದಳು. ಭಾಮಾಬಾಯಿ ಕಲಿತದ್ದನ್ನು ಕಲಿತ ಹಾಗೆ ಮಾಡಿದಳು. ಒತ್ತಿದಳು, ಕೈ ಎತ್ತಿ ಹಿಡಿದಳು, ಸುಲೇಪೇಟದಿಂದ ಜೀಪು ತರಿಸಿ ಚಿಂಚೋಳಿಯವರೆಗೂ ಒತ್ತಿದ ಕೈ ಸಡಿಲಿಸಲಿಲ್ಲ. ಎಡಗೈಯ ಕೊನೆಯ ಎರಡು ಬೆರಳು ಹೋದವು, ಉಳಿದ ಕೈ ಉಳಿಯಿತು.

"ಸುಣ್ಣ ಮೆತ್ತಿದ್ರ ಮೊಣಕೈತನಕ ತಗೀಬೇಕಾಗ್ತಿತ್ತು. ಸಿಸ್ಟರ್, ನೀವು ಭಾಳ ಛಲೋ ಮಾಡೀರಿ" ಎಂದರು ಡಾಕ್ಟರು, ಎಲ್ಲರ ಎದುರಿಗೆ.

ದಸ್ತಗೀರ ಗೋಡೆಗೆ ಆತು ಕುಕ್ಕರಗಾಲಲ್ಲಿ ಕೂತಿದ್ದ. "ಅವತ್ತೇ ಹೇಳಿದ್ದೆ ಅಲ್ರಿ ಬಾಯಾರ, ಖಾಲಿ ಮದ್ದದ ಅಂತ. ಖಾಲಿ ಮದ್ದಿನಿಂದ ಏನಾಗ್ತದ ಅಂತ ತಿಳದಿದ್ದೆ. ನಂದೇ ತಪ್ಪು."

ತಾನು ಬರೆದದ್ದು ಏನು, ಅವನು ಹೇಳಿದ್ದು ಏನು ಎಂಬುದು ಭಾಮಾಬಾಯಿಗೆ ತಿಳಿದದ್ದು ಆಗ. ಸರಿಯಾಗಿ ಕೇಳಿಸಿಕೊಂಡಿದ್ದರೆ ಅಂದೇ ಅದನ್ನು ಖಾಲಿ ಮಾಡಿಸಿ ಮೇಲೆ ಕಟ್ಟಿಸುತ್ತಿದ್ದಳು. ನಂದೂ ತಪ್ಪದ ಎಂಬ ಮಾತು ಗಂಟಲವರೆಗೆ ಬಂತು. ಡಾಕ್ಟರು ಹೊಗಳುತ್ತ ನಿಂತಿದ್ದರು. ಅವಳು ನುಂಗಿಕೊಂಡಳು.

ನುಂಗಿದರೂ ಸುಮ್ಮನೆ ಕೂರುವ ಪೈಕಿ ಅಲ್ಲ. ಮರುವಾರವೇ ನಬೀಸಾಬನ ಮನೆಗೆ ಹೋದಳು. ಊರಲ್ಲಿ ಲೈಸನ್ಸು ಇದ್ದ ಇಬ್ಬರಲ್ಲಿ ಈ ಮುದುಕ ಒಬ್ಬ. "ಖಾಲಿ ಅದೋ ಇಲ್ಲೋ ಹ್ಯಾಂಗ ತಿಳೀಬೇಕು, ಸಾಬ್?"

"ಮನಷ್ಯಾಗ ಯಾಕ ಕೇಳ್ತೀ ಅವ್ವಾ, ಗಜಕ್ಕ ಕೇಳು" ಎಂದ ನಬೀಸಾಬ. ಮದ್ದು ಜಡಿಯುವ ಉದ್ದನೆಯ ಸಲಾಕೆಗೆ ಗಜ ಎನ್ನುತ್ತಾರೆ. ಅದನ್ನು ಬರಿ ನಳಿಕೆಯೊಳಗೆ ಇಳಿಸಿದ, ಬಾಯಿಯ ಸಮಕ್ಕೆ ಹೋಗಿ ನಿಂತಿತು. ಒಂದು ಹಿಡಿ ರಾಗಿಯನ್ನು ಮದ್ದಿನ ಬದಲು ಸುರಿದು, ಅರಿವೆ ಜಡಿದು ಮತ್ತೆ ಇಳಿಸಿದ. ಈ ಸಲ ಗಜ ನಾಲ್ಕು ಬೆರಳು ಮೇಲೆ ಉಳಿಯಿತು. "ಒಂದು ಬೆರಳು ಉಳದರೂ ಒಳಗ ಏನೋ ಅದ ಅಂತ ತಿಳಿ."

ಅಂದಿನಿಂದ ಫಾರಂ ಬದಲಾಯಿತು. ತುಂಬಿದೆಯೋ ಖಾಲಿಯೋ ಎಂಬ ಪ್ರಶ್ನೆ ಹೋಗಿ, "ಗಜ ಇಳಿಸಿ ತೋರಿಸಿದರೇ? ಎಷ್ಟು ಬೆರಳು?" ಎಂದಾಯಿತು. ಪಾಠವೂ ಬದಲಾಯಿತು. ಡಾಕ್ಟರು ಒಬ್ಬ ಹವಾಲ್ದಾರನನ್ನು ಕರೆಸಿ, ಬಯಲಲ್ಲಿ ಒಂದು ಕುಂಬಳಕಾಯಿ ಇಟ್ಟು, ಗುಂಡಿಲ್ಲದೆ ಬರೀ ಮದ್ದು ಮತ್ತು ಅರಿವೆ ಜಡಿದು ಗೇಣು ದೂರದಿಂದ ಹಾರಿಸಿದರು. ಕುಂಬಳಕಾಯಿ ಎಲ್ಲಿ ಹೋಯಿತೋ! ಖಾಲಿ ಮದ್ದಿನಿಂದ ಏನಾಗ್ತದ ಎನ್ನುತ್ತಿದ್ದವರ ಬಾಯಿ ಕಟ್ಟಿತು. ಡಾಕ್ಟರಿಗೆ ವರ್ಗವಾದ ಮೇಲೆ ಪಾಠ ಭಾಮಾಬಾಯಿಯ ಹೆಗಲಿಗೆ ಬಂತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ಹದಿಮೂರು ವರ್ಷ, ಒಂದು ಗಜ ಮತ್ತು ಬಂದೂಕಿನ ಬದಲು ಅಷ್ಟೇ ಉದ್ದದ ಕಬ್ಬಿಣದ ಕೊಳವೆ ಹಿಡಿದುಕೊಂಡು ತಿರುಗಿದಳು. ವಾಡಿ ಜಂಕ್ಷನ್ನಿನ ಪೊಲೀಸನೊಬ್ಬ ಆ ಗಂಟು ನೋಡಿ ಇವಳನ್ನೇ ಅರ್ಧ ತಾಸು ಕೂರಿಸಿದ್ದ. ಬಂದೂಕು ಇದ್ದ ಮನೆಗಳಲ್ಲಿ ಅದು ಈಗ ಬರಿದಾಗಿ, ಕೂಸುಗಳ ಕೈಗೆ ಎಟುಕದ ತೊಲೆಗೆ ಏರಿತ್ತು. ಮದ್ದಿನ ಡಬ್ಬಿಗೆ ಬೇರೆ ಜಾಗ, ಕೀಲಿ. ಇದೆಲ್ಲ ಅವಳದೇ ಕೆಲಸ, ಇಲ್ಲ ಅನ್ನುವಂತಿಲ್ಲ.

ಪ್ರತಿ ತರಬೇತಿಯಲ್ಲೂ ಆ ಕತೆ ಹೇಳುತ್ತಿದ್ದಳು. "ಒಬ್ಬಾಕಿ ಸಿಸ್ಟರ್ ಇದ್ಲು. ಅವರು ಖಾಲಿ ಮದ್ದು ಅಂದ್ರು, ಆಕಿ ಖಾಲಿ ಅಂತ ಬರಕೊಂಡ್ಲು" ಎಂದು. ಆ ಸಿಸ್ಟರ್ ಯಾರೆಂದು ಗೊತ್ತಿದ್ದದ್ದು ಗಂಡನಿಗೆ ಮಾತ್ರ.

"ಊರಿಗೆಲ್ಲಾ ಹೇಳ್ತಿ. ದಸ್ತಗೀರಗ ಯಾವಾಗ ಹೇಳ್ತಿ?" ಎಂದು ಜಯತೀರ್ಥ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದ.

"ರಿಟಾಯರ್ ಆಗಲಿ, ಹೇಳ್ತೀನಿ. ಈಗ ಹೇಳಿದ್ರ ನನ್ನ ಮಾತು ಯಾರು ಕೇಳ್ತಾರ?"

ನೆಪ ಅದು, ಅವಳಿಗೂ ಗೊತ್ತಿತ್ತು. ಸುಲೇಪೇಟದ ಕಡೆಯಿಂದ ವರ್ಗ ಮಾಡಿಸಿಕೊಂಡು ಸೇಡಂಗೆ ಬಂದದ್ದೂ ಅದಕ್ಕೇ. ನಾಚಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

೨೦೦೮ರ ಮಾರ್ಚಿನಲ್ಲಿ, ರಿಟಾಯರ್ ಆಗುವ ಮೊದಲು, ಸೇಡಂನಲ್ಲಿ ಕಡೆಯ ಸಲ ಪಾಠಕ್ಕೆ ನಿಂತಳು. ಹೊಸ ಅಂಗನವಾಡಿ ಟೀಚರುಗಳು, ಅಂಬುಲೆನ್ಸಿನವರು, ಹೋಂಗಾರ್ಡಿನವರು, ಒಟ್ಟು ಮೂವತ್ತು ಜನ. ಒಬ್ಬಾಕಿ ಸಿಸ್ಟರಿನ ಕತೆ ಮುಗಿಸಿ, ಕೊಳವೆಗೆ ರಾಗಿ ಹಾಕಿ, ಅರಿವೆ ಜಡಿದು, ಗಜ ಇಳಿಸಿ, ಮುಂದಿನ ಸಾಲಿನ ಹುಡುಗಿಯನ್ನು ಕರೆದಳು. "ಬಾರವ್ವಾ, ಎಷ್ಟು ಬೆರಳು ಮ್ಯಾಲ ಉಳದದ, ಅಳದು ಹೇಳು."

ಹುಡುಗಿ ಬಲಗೈಯಿಂದ ಕೊಳವೆ ಹಿಡಿದು ಎಡಗೈಯನ್ನು ಗಜಕ್ಕೆ ಹಚ್ಚಿದಳು. ಹೆಬ್ಬೆರಳು ಬಿಟ್ಟರೆ ಅಲ್ಲಿ ಎರಡೇ ಬೆರಳಿದ್ದವು. ಎರಡು ಬೆರಳು ಅಳೆದು, ಕೈಯನ್ನು ಮೇಲೆ ಸರಿಸಿ, ಮತ್ತೆ ಎರಡು ಅಳೆದಳು.

"ನಾಕರಿ ಬಾಯಾರ. ನನ್ನ ಕೈಲೆ ಎರಡು ಸಲ ಅಳೀಬೇಕು" ಎಂದಳು, ಯಾವ ಬೇಸರವೂ ಇಲ್ಲದೆ.

ಭಾಮಾಬಾಯಿಗೆ ಹೆಸರು ಕೇಳುವ ಅಗತ್ಯ ಬೀಳಲಿಲ್ಲ. ಮೂವತ್ತು ಜನರ ಎದುರಿಗೆ ಹೇಳಿದಳು: "ಆ ಸಿಸ್ಟರ್ ನಾನೇ. ನಿಮ್ಮಪ್ಪ ಸರಿ ಹೇಳಿದ್ರು, ನಾ ತಪ್ಪು ಬರದೆ."

ಸಾನಿಯಾ ಗಜವನ್ನು ನಿಧಾನವಾಗಿ ಹೊರತೆಗೆದು ಮೇಜಿನ ಮೇಲಿಟ್ಟಳು. "ಅಬ್ಬಾ ಹೋದ ರಮಜಾನದಾಗ ತೀರಿಕೊಂಡ್ರು. ಕಡೀತನಕ ನನ್ನ ಕೈ ಹಿಡಕೊಂಡು ನಂದೇ ತಪ್ಪು, ನಂದೇ ತಪ್ಪು ಅಂತಿದ್ರು" ಎಂದಳು. ಹೋಗಿ ತನ್ನ ಜಾಗದಲ್ಲಿ ಕೂತಳು.

ಪಾಠ ಇನ್ನೂ ಅರ್ಧ ಉಳಿದಿತ್ತು. ಭಾಮಾಬಾಯಿ ಅದನ್ನು ಮುಗಿಸಿದಳು.

ಮರುದಿನ ಮುಂಜಾನೆ ಸುಲೇಪೇಟದ ಬಸ್ಸು ಹತ್ತಿದಳು. ಜಾನಬಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಭಾಮಾಬಾಯಿ ನಿಂತುಕೊಂಡೇ ಎಲ್ಲ ಹೇಳಿದಳು. ಜಾನಬಿ ಮೊರದಿಂದ ತಲೆ ಎತ್ತಲಿಲ್ಲ. ಕಲ್ಲು ಆರಿಸುತ್ತ, ಆರಿಸುತ್ತ ಅಂದಳು: "ಅವರಿದ್ದಾಗ ಬರಬೇಕಿತ್ತು ನೀವು."

"ಹೌದು, ಬರಬೇಕಿತ್ತು."

ಜಾನಬಿ ಮೊರ ಬದಿಗಿಟ್ಟು ಎದ್ದು ಒಳಗೆ ಹೋದಳು. ಭಾಮಾಬಾಯಿ ಚೀಲ ಹೆಗಲಿಗೆ ಹಾಕಿಕೊಂಡು, ಹೋಗುವುದೋ ಇರುವುದೋ ತಿಳಿಯದೆ ಬಾಗಿಲ ಕಡೆ ನೋಡುತ್ತ ನಿಂತಳು. ಒಳಗೆ ಒಲೆ ಊದುವ ಸಪ್ಪಳವಾಯಿತು.

"ಕುಂದ್ರಿ ಬಾಯಾರ" ಎಂದಳು ಜಾನಬಿ ಒಳಗಿನಿಂದ. "ಹಾಲಿಲ್ಲ. ಖಾಲಿ ಚಾ ಅದ."